ಬಾಯ್ಲರ್ ಉರಿಯುತ್ತಿದೆ, ಕೋಣೆ ಏಕೆ ತಣ್ಣಗಿದೆ?

ಬ್ರಿಟನ್ನಿನಲ್ಲಿ ಮಗನೋ ಮಗಳೋ ಇರುವ ಮನೆಗಳು ಈಗ ನಮ್ಮಲ್ಲಿ ಅಪರೂಪವಲ್ಲ. ಒಬ್ಬರು ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್, ಇನ್ನೊಬ್ಬರು ಸಾಫ್ಟ್‌ವೇರ್ ಇಂಜಿನಿಯರ್, ಮತ್ತೊಬ್ಬರು ಓದಲು ಹೋದವರು. ಮಗಳ ಬಾಣಂತನಕ್ಕೆಂದು ಹೋಗಿ ಕೆಲವು ತಿಂಗಳು ನಿಂತು ಬರುವ ತಾಯಂದಿರೂ ಇದ್ದಾರೆ. ಹೀಗೆ ಹೋದವರಿಗೆ ಮೊದಲ ಚಳಿಗಾಲದಲ್ಲಿ ಎದುರಾಗುವ ಒಂದು ಸಮಸ್ಯೆಯನ್ನು ಈ ತಿಂಗಳು ತೆಗೆದುಕೊಂಡಿದ್ದೇವೆ. ಮನೆಯನ್ನು ಬೆಚ್ಚಗಿಡುವ ವ್ಯವಸ್ಥೆ ಇದೆ, ಬಾಯ್ಲರ್ ಉರಿಯುತ್ತಿದೆ, ಗ್ಯಾಸ್ ಬಿಲ್ ಏರುತ್ತಿದೆ. ಆದರೆ ಹಜಾರದಲ್ಲಿ ಬೆವರು ಬರುವಷ್ಟು ಸೆಕೆ, ಮಗು ಮಲಗುವ ಕೋಣೆಯಲ್ಲಿ ಮಾತ್ರ ಕೈಕಾಲು ಮರಗಟ್ಟುವ ಚಳಿ!

ಆಗ ಹೆಚ್ಚಿನವರು ಮಾಡುವುದು ಒಂದೇ. ಗೋಡೆಯ ಮೇಲಿರುವ ಥರ್ಮೋಸ್ಟಾಟನ್ನು 20ರಿಂದ 25ಕ್ಕೆ, 25ರಿಂದ 30ಕ್ಕೆ ತಿರುಗಿಸುತ್ತಾರೆ. ಹಜಾರ ಇನ್ನಷ್ಟು ಕಾಯುತ್ತದೆ, ತಣ್ಣಗಿದ್ದ ಕೋಣೆ ತಣ್ಣಗೇ ಉಳಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ! ಬಾಯ್ಲರ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ತೊಂದರೆ ಇರುವುದು ಬಿಸಿನೀರು ಮನೆಯೆಲ್ಲಾ ಸುತ್ತಿ ಬರುವ ದಾರಿಯಲ್ಲಿ. ಆ ದಾರಿಯಲ್ಲಿ ತಡೆ ಎಲ್ಲಿದೆ ಎಂಬುದನ್ನು ಚಳಿಯೇ ಹೇಳುತ್ತದೆ. ಯಾವ ರೇಡಿಯೇಟರ್, ಅದರ ಯಾವ ಭಾಗ ತಣ್ಣಗಿದೆ ಎಂದು ಗಮನಿಸಿದರೆ ಅರ್ಧ ರೋಗ ಪತ್ತೆಯಾದಂತೆ. ಉಳಿದರ್ಧವನ್ನು ನೀವೇ ಸರಿಪಡಿಸಬಹುದೋ, ಕೆಲಸದವರನ್ನು ಕರೆಯಬೇಕೋ ಎಂಬುದೂ ಅದರಿಂದಲೇ ತಿಳಿಯುತ್ತದೆ.

ಒಂದೇ ನೀರು, ಅದೇ ಸುತ್ತು

ಬ್ರಿಟನ್ನಿನ ಹೆಚ್ಚಿನ ಮನೆಗಳಲ್ಲಿ ಇರುವುದು ಗ್ಯಾಸ್ ಬಾಯ್ಲರ್. ಉತ್ತರ ಸಮುದ್ರದಲ್ಲಿ ನೈಸರ್ಗಿಕ ಅನಿಲ ಸಿಕ್ಕಿದ ನಂತರ, 1967ರಿಂದ 1977ರವರೆಗಿನ ಹತ್ತು ವರ್ಷಗಳಲ್ಲಿ, ಅಲ್ಲಿನ ಮನೆಮನೆಯ ಗ್ಯಾಸ್ ಉಪಕರಣಗಳನ್ನು ಈ ಅನಿಲಕ್ಕೆ ತಕ್ಕಂತೆ ಬದಲಾಯಿಸಲಾಯಿತು. ಕಲ್ಲಿದ್ದಲ ಒಲೆಯ ಸುತ್ತ ಕುಳಿತು ಚಳಿ ಕಾಯಿಸುತ್ತಿದ್ದ ಮನೆಗಳಿಗೆ ಕೋಣೆ ಕೋಣೆಗೂ ರೇಡಿಯೇಟರ್ ಬಂದದ್ದು ಹೆಚ್ಚಾಗಿ ಆ ಕಾಲದಿಂದೀಚೆಗೆ.

ಇದರ ಕ್ರಮ ಸರಳ. ಬಾಯ್ಲರಿನಲ್ಲಿ ನೀರು ಕಾಯುತ್ತದೆ. ಒಂದು ಪಂಪು ಅದನ್ನು ಕೊಳವೆಗೆ ತಳ್ಳುತ್ತದೆ. ಆ ಕೊಳವೆ ಪ್ರತಿ ರೇಡಿಯೇಟರಿಗೂ ಕವಲೊಡೆದು ಬಿಸಿನೀರು ಕೊಡುತ್ತದೆ. ರೇಡಿಯೇಟರಿನಲ್ಲಿ ತನ್ನ ಬಿಸಿಯನ್ನು ಬಿಟ್ಟುಕೊಟ್ಟ ನೀರು ಇನ್ನೊಂದು ಕೊಳವೆಯ ಮೂಲಕ ಬಾಯ್ಲರಿಗೆ ಮರಳುತ್ತದೆ. ನಮ್ಮ ಮೈಯೊಳಗೆ ಹೃದಯ ರಕ್ತವನ್ನು ಸುತ್ತಿಸುವಂತೆಯೇ ಇದು. ಈ ನೀರು ನಲ್ಲಿಗೆ ಬರುವ ನೀರಲ್ಲ. ಒಮ್ಮೆ ತುಂಬಿದ ಅದೇ ನೀರು ವರ್ಷಗಟ್ಟಲೆ ಅದೇ ಸುತ್ತು ಹಾಕುತ್ತಿರುತ್ತದೆ. ಆದ್ದರಿಂದಲೇ ಅದರೊಳಗೆ ಸೇರಿದ ಗಾಳಿಯಾಗಲಿ ತುಕ್ಕಾಗಲಿ ತಾನಾಗಿ ಹೊರಗೆ ಹೋಗುವುದಿಲ್ಲ. ಎಲ್ಲೋ ಒಂದು ಕಡೆ ಕುಳಿತು ದಾರಿ ಕಟ್ಟುತ್ತದೆ.

ಪ್ರತಿ ರೇಡಿಯೇಟರಿನ ಕೆಳಗೆ ಎರಡು ತುದಿಗಳಲ್ಲಿ ಎರಡು ವಾಲ್ವುಗಳಿರುತ್ತವೆ. ಒಂದರ ಮೇಲೆ 1ರಿಂದ 5ರವರೆಗೆ ಅಂಕೆಗಳಿರುವ ತಿರುಗಣೆ ಇರುತ್ತದೆ. ಕೋಣೆ ಬೇಕಾದಷ್ಟು ಬೆಚ್ಚಗಾದಾಗ ಅದು ತಾನಾಗಿ ನೀರನ್ನು ತಡೆಯುತ್ತದೆ. ಇನ್ನೊಂದರ ಮೇಲೆ ಬರೀ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದಕ್ಕೆ ಲಾಕ್‌ಶೀಲ್ಡ್ ಎನ್ನುತ್ತಾರೆ. ಆ ರೇಡಿಯೇಟರಿಗೆ ಎಷ್ಟು ನೀರು ಹರಿಯಬೇಕೆಂದು ಒಮ್ಮೆ ಹೊಂದಿಸಿ ಮುಚ್ಚಿಡುವ ವಾಲ್ವ್ ಅದು. ಈ ಎರಡನ್ನೂ ಗುರುತಿಸಲು ಕಲಿತರೆ ಮುಂದಿನ ಮಾತು ಸುಲಭವಾಗಿ ಅರ್ಥವಾಗುತ್ತದೆ.

ಮೊದಲು ಕೈಯಿಂದಲೇ ಪರೀಕ್ಷೆ

ಮನೆಯ ಎಲ್ಲ ರೇಡಿಯೇಟರುಗಳ ತಿರುಗಣೆಯನ್ನು 5ಕ್ಕೆ ತಿರುಗಿಸಿ. ಥರ್ಮೋಸ್ಟಾಟನ್ನು ಏರಿಸಿ ಅರ್ಧ ಗಂಟೆ ಬಿಡಿ. ಆಮೇಲೆ ಒಂದು ಕಾಗದ, ಪೆನ್ನು ಹಿಡಿದು ಕೋಣೆ ಕೋಣೆಗೂ ಹೋಗಿ. ಅಂಗೈಯಿಂದ ಒತ್ತಿ ಹಿಡಿಯಬೇಡಿ, ಕೆಲವು ರೇಡಿಯೇಟರುಗಳು ಸುಡುವಷ್ಟು ಕಾದಿರುತ್ತವೆ. ಕೈಯ ಹಿಂಭಾಗವನ್ನು ಕ್ಷಣಕಾಲ ತಾಗಿಸಿದರೆ ಸಾಕು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹೇಗಿದೆ ಎಂದು ಪ್ರತಿಯೊಂದಕ್ಕೂ ಬರೆದುಕೊಳ್ಳಿ. ನಿಮ್ಮ ಪಟ್ಟಿ ಮುಂದೆ ಹೇಳುವ ಐದು ಬಗೆಗಳಲ್ಲಿ ಒಂದಕ್ಕೆ ಹೊಂದಿಕೆಯಾಗುವುದು ಬಹುಮಟ್ಟಿಗೆ ಖಂಡಿತ.

1. ಮೇಲೆ ತಣ್ಣಗೆ, ಕೆಳಗೆ ಬಿಸಿ

ಇದು ಗಾಳಿ. ನಮ್ಮೂರಲ್ಲಿ ಮೇಲಿನ ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದಾಗ ನಲ್ಲಿ ಬುಸ್ ಬುಸ್ ಎಂದು ಕೆಮ್ಮುವುದನ್ನು ನೀವು ನೋಡಿದ್ದೀರಿ. ಅಲ್ಲಿ ಗಾಳಿಗೆ ಹೊರಗೆ ಹೋಗಲು ನಲ್ಲಿಯ ಬಾಯಿ ಇದೆ. ರೇಡಿಯೇಟರಿನಲ್ಲಿ ಅಂಥ ಬಾಯಿ ಇಲ್ಲ. ಗಾಳಿ ಹಗುರವಾದ್ದರಿಂದ ಮೇಲ್ಭಾಗದಲ್ಲಿ ಸೇರಿಕೊಳ್ಳುತ್ತದೆ, ನೀರು ಅಲ್ಲಿಗೆ ಏರಲಾರದು.

ಪರಿಹಾರ ಮನೆಯಲ್ಲೇ ಇದೆ. ಮೊದಲು ಹೀಟಿಂಗ್ ಆರಿಸಿ, ರೇಡಿಯೇಟರುಗಳು ತಣಿಯುವವರೆಗೆ ಕಾಯಿರಿ. ಪಂಪು ಓಡುತ್ತಿರುವಾಗ ಈ ಕೆಲಸ ಮಾಡಬಾರದು. ರೇಡಿಯೇಟರಿನ ಮೇಲ್ತುದಿಯ ಒಂದು ಬದಿಯಲ್ಲಿ ಚೌಕಾಕಾರದ ಸಣ್ಣ ತಿರುಪು ಇರುತ್ತದೆ. ಅದಕ್ಕೆ ತಕ್ಕ ಪುಟ್ಟ ಕೀಲಿಕೈ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕೆಳಗೆ ಹಳೆಯ ಬಟ್ಟೆ ಹಿಡಿದು, ಕೀಲಿಯನ್ನು ಎಡಕ್ಕೆ ಅರ್ಧ ಸುತ್ತು ಮಾತ್ರ ತಿರುಗಿಸಿ. ಸುಯ್ಯೆಂದು ಗಾಳಿ ಹೊರಬರುತ್ತದೆ. ಗಾಳಿ ಮುಗಿದು ನೀರು ಜಿನುಗಿದ ಕೂಡಲೇ ಮುಚ್ಚಿ. ತಿರುಪನ್ನು ಪೂರ್ತಿ ಬಿಚ್ಚಬೇಡಿ. ಒಳಗಿನ ನೀರು ಮಸಿಯಂತೆ ಕಪ್ಪಾಗಿರಬಹುದು, ಕಾರ್ಪೆಟ್ ಮೇಲೆ ಬಿದ್ದರೆ ಕಲೆ ಹೋಗುವುದು ಕಷ್ಟ. ಕೆಳಗಿನ ಅಂತಸ್ತಿನಿಂದ ಆರಂಭಿಸಿ ಮೇಲಕ್ಕೆ ಹೋಗಿ.

ಗಾಳಿ ಬಿಟ್ಟ ಮೇಲೆ ಬಾಯ್ಲರಿನ ಒತ್ತಡದ ಮಾಪಕ ನೋಡಲು ಮರೆಯಬೇಡಿ. ಅಟ್ಟದಲ್ಲಿ ಟ್ಯಾಂಕ್ ಇಲ್ಲದ ವ್ಯವಸ್ಥೆಗಳಲ್ಲಿ, ತಣ್ಣಗಿರುವಾಗ ಮುಳ್ಳು ಸಾಮಾನ್ಯವಾಗಿ 1ರಿಂದ 1.5 ಬಾರ್ ನಡುವೆ ಇರಬೇಕು. ಕಡಿಮೆಯಾಗಿದ್ದರೆ ಬಾಯ್ಲರಿನ ಕೆಳಗಿರುವ, ಸಣ್ಣ ನಲ್ಲಿಗಳಿರುವ ತುಂಬುವ ಕೊಳವೆಯ ಮೂಲಕ ನಿಧಾನವಾಗಿ ನೀರು ತುಂಬಿಸಿ ಮತ್ತೆ ಭದ್ರವಾಗಿ ಮುಚ್ಚಬೇಕು. ಮುಚ್ಚಲು ಮರೆತರೆ ಒತ್ತಡ 3 ಬಾರ್ ತಲುಪಿ, ರಕ್ಷಣಾ ವಾಲ್ವ್ ತೆರೆದು ನೀರು ಹೊರಗೋಡೆಯ ಕೊಳವೆಯಿಂದ ಸುರಿಯುತ್ತದೆ. ಬಾಡಿಗೆ ಮನೆಯಾದರೆ ಮನೆಯೊಡೆಯರಿಂದ ಈ ಕ್ರಮವನ್ನು ಒಮ್ಮೆ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಒಂದು ಎಚ್ಚರಿಕೆ. ವರ್ಷಕ್ಕೊಮ್ಮೆ ಗಾಳಿ ಬಿಡುವುದು ಸಹಜ. ವಾರ ವಾರವೂ ಅದೇ ರೇಡಿಯೇಟರಿನಲ್ಲಿ ಗಾಳಿ ತುಂಬುತ್ತಿದ್ದರೆ ಅದು ಬೇರೆಯೇ ರೋಗದ ಲಕ್ಷಣ. ಎಲ್ಲೋ ಗಾಳಿ ಒಳಗೆ ಸೇರುತ್ತಿದೆ ಅಥವಾ ಒಳಗೆ ಕಬ್ಬಿಣ ತುಕ್ಕು ಹಿಡಿಯುತ್ತಿದೆ. ಹಾಗೆ ತುಕ್ಕು ಹಿಡಿಯುವಾಗ ಹೈಡ್ರೋಜನ್ ಅನಿಲ ಹುಟ್ಟುತ್ತದೆ, ಅದು ಹೊತ್ತಿಕೊಳ್ಳುವ ಅನಿಲ. ಆದ್ದರಿಂದ ಗಾಳಿ ಬಿಡುವಾಗ ಹತ್ತಿರದಲ್ಲಿ ಬೆಂಕಿ ಇರಬಾರದು. ಹಾಗೆಯೇ ಪದೇ ಪದೇ ನೀರು ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಹೊಸ ನೀರು ಸೇರಿದಷ್ಟೂ ಅದರೊಂದಿಗೆ ಆಮ್ಲಜನಕವೂ ಸೇರಿ ತುಕ್ಕು ಬೆಳೆಯುತ್ತದೆ.

2. ಮೇಲೆ ಬಿಸಿ, ಕೆಳಗೆ ನಡುಭಾಗ ತಣ್ಣಗೆ

ಇದು ಕೆಸರು. ರೇಡಿಯೇಟರಿನ ಉಕ್ಕು ಒಳಗಿನಿಂದ ಸವೆದು ಕಪ್ಪು ತುಕ್ಕಾಗಿ, ನೀರಿನ ವೇಗ ಕಡಿಮೆ ಇರುವ ತಳದಲ್ಲಿ ಗಸಿಯಂತೆ ಕೂರುತ್ತದೆ. ಬಚ್ಚಲು ಮನೆಯ ಹಂಡೆಯ ತಳದಲ್ಲಿ ವರ್ಷಗಳ ಗಸಿ ಕೂತಿರುವುದನ್ನು ನೆನಪಿಸಿಕೊಳ್ಳಿ. ಇಲ್ಲಿ ಎಷ್ಟು ಗಾಳಿ ಬಿಟ್ಟರೂ ಪ್ರಯೋಜನವಿಲ್ಲ.

ಖಚಿತಪಡಿಸಿಕೊಳ್ಳಲು ಸುಲಭ ಪರೀಕ್ಷೆಯೊಂದಿದೆ. ಗಾಳಿ ಬಿಡುವಾಗ ಬಂದ ಕಪ್ಪು ನೀರನ್ನು ಬಿಳಿ ತಟ್ಟೆಯಲ್ಲಿ ಹಿಡಿದು, ತಟ್ಟೆಯ ಕೆಳಗೆ ಅಯಸ್ಕಾಂತ ಆಡಿಸಿ. ಕಪ್ಪು ಪುಡಿ ಅಯಸ್ಕಾಂತದ ಹಿಂದೆಯೇ ಸರಿದರೆ ಅದು ಕಬ್ಬಿಣದ ತುಕ್ಕು. ಒಂದೇ ರೇಡಿಯೇಟರಿನಲ್ಲಿ ಹೀಗಿದ್ದರೆ ಪ್ಲಂಬರ್ ಅದನ್ನು ಕಳಚಿ ಹೊರಗೆ ತೊಳೆದು ಮರಳಿ ಜೋಡಿಸುತ್ತಾರೆ. ಹಲವದರಲ್ಲಿ ಹೀಗಿದ್ದರೆ ಇಡೀ ವ್ಯವಸ್ಥೆಗೆ ರಾಸಾಯನಿಕ ಹಾಕಿ ತೊಳೆಯಬೇಕು ಅಥವಾ ಯಂತ್ರದಿಂದ ಒತ್ತಡದ ನೀರು ಹಾಯಿಸಬೇಕು. ತೀರಾ ಹಳೆಯ ರೇಡಿಯೇಟರುಗಳಾದರೆ ತುಕ್ಕೇ ತೂತುಗಳನ್ನು ಮುಚ್ಚಿಕೊಂಡಿರಬಹುದು, ತೊಳೆದ ಮೇಲೆ ಸೋರಲೂಬಹುದು. ಇದನ್ನು ಮೊದಲೇ ಕೆಲಸದವರೊಂದಿಗೆ ಮಾತಾಡಿಕೊಳ್ಳಿ. ತೊಳೆದ ನಂತರ ತುಕ್ಕು ತಡೆಯುವ ದ್ರಾವಣ ಹಾಕಿದ್ದಾರೆಯೇ ಎಂದು ಕೇಳಿ. ಬಾಯ್ಲರಿಗೆ ಮರಳುವ ಕೊಳವೆಯಲ್ಲಿ ಅಯಸ್ಕಾಂತದ ಶೋಧಕ ಕೂರಿಸಿದರೆ ಮುಂದಿನ ತುಕ್ಕು ಅಲ್ಲೇ ಸಿಕ್ಕಿಬೀಳುತ್ತದೆ. ಈ ಎರಡು ಇಲ್ಲದಿದ್ದರೆ ತೊಳೆಸಿದ ಹಣ ಕೆಲವೇ ವರ್ಷಗಳಲ್ಲಿ ಮತ್ತೆ ಕೆಸರಾಗುತ್ತದೆ.

1970, 80ರ ದಶಕಗಳ ಕೆಲವು ಮನೆಗಳಲ್ಲಿ ಪೆನ್ನಿನಷ್ಟೇ ದಪ್ಪದ, 8 ಅಥವಾ 10 ಮಿಲಿಮೀಟರಿನ ತಾಮ್ರದ ಕೊಳವೆಗಳನ್ನು ಹಾಕಿದ್ದಾರೆ. ಅಂಥ ಕಡೆ ಸ್ವಲ್ಪ ಕೆಸರೇ ಇಡೀ ಕೊಳವೆಯನ್ನು ಕಟ್ಟಿಬಿಡುತ್ತದೆ. ಮನೆ ನೋಡಲು ಹೋದಾಗ ರೇಡಿಯೇಟರಿಗೆ ಬರುವ ಕೊಳವೆಯ ದಪ್ಪವನ್ನೂ ಒಮ್ಮೆ ನೋಡಿಕೊಳ್ಳಿ.

3. ಒಂದು ಮಾತ್ರ ಪೂರ್ತಿ ತಣ್ಣಗೆ

ಉಳಿದವೆಲ್ಲ ಕಾದು ಒಂದು ಮಾತ್ರ ಮಂಜುಗಡ್ಡೆಯಂತಿದ್ದರೆ ಮೊದಲ ಸಂಶಯ ವಾಲ್ವಿನ ಮೇಲೆ. ಬೇಸಿಗೆಯಿಡೀ ತಿರುಗಣೆಯನ್ನು ಮುಚ್ಚಿಟ್ಟರೆ ಅದರೊಳಗಿನ ಪುಟ್ಟ ಸೂಜಿ ಕೆಳಗೇ ಅಂಟಿಕೊಳ್ಳುತ್ತದೆ. ಚಳಿಗಾಲದಲ್ಲಿ ನೀವು 5ಕ್ಕೆ ತಿರುಗಿಸಿದರೂ ಅದು ಮೇಲೇಳುವುದಿಲ್ಲ. ತಿರುಗಣೆಯನ್ನು 5ಕ್ಕೆ ಇಟ್ಟು, ಅದರ ಬುಡದ ಉಂಗುರವನ್ನು ಸಡಿಲಿಸಿದರೆ ತಲೆ ಕೈಗೆ ಬರುತ್ತದೆ. ಇದರಿಂದ ನೀರು ಹೊರಬರುವುದಿಲ್ಲ. ಒಳಗೆ ಕಾಣುವ ಸೂಜಿಯನ್ನು ಚಪ್ಪಟೆಯಾದ ವಸ್ತುವಿನಿಂದ ಮೆಲ್ಲಗೆ ಒತ್ತಿ ಬಿಡಿ. ಸರಿಯಿದ್ದರೆ ಅದು ಕೆಲವು ಮಿಲಿಮೀಟರ್ ಕೆಳಗಿಳಿದು ತಾನಾಗಿ ಮೇಲೆ ಬರಬೇಕು. ಅಂಟಿಕೊಂಡಿದ್ದರೆ ಬದಿಗೆ ಮೆಲ್ಲಗೆ ತಟ್ಟಿ ನೋಡಬಹುದು. ಇಕ್ಕಳದಿಂದ ಹಿಡಿದು ಮೇಲಕ್ಕೆ ಎಳೆಯಬೇಡಿ. ಸೂಜಿ ಕಿತ್ತುಬಂದರೆ ಕೋಣೆಯೆಲ್ಲ ಕಪ್ಪು ನೀರು!

ಸೂಜಿ ಸರಿಯಿದ್ದರೆ ಇನ್ನೊಂದು ತುದಿಯ ಲಾಕ್‌ಶೀಲ್ಡ್ ನೋಡಿ. ಗೋಡೆಗೆ ಬಣ್ಣ ಬಳಿಯುವಾಗ ರೇಡಿಯೇಟರ್ ಕಳಚಿದವರು ಅದನ್ನು ಮತ್ತೆ ತೆರೆಯಲು ಮರೆತಿರುವುದುಂಟು.

ಸೋಫಾ, ದಪ್ಪ ಪರದೆ, ಒಣಗಲು ಹಾಕಿದ ಬಟ್ಟೆ ಇವೂ ಆರೋಪಿಗಳೇ. ತಿರುಗಣೆಯ ಸುತ್ತ ಬಿಸಿ ಗಾಳಿ ಸಿಕ್ಕಿಬಿದ್ದರೆ ಕೋಣೆ ಬೆಚ್ಚಗಾಗಿದೆ ಎಂದು ತಪ್ಪು ತಿಳಿದು ಅದು ನೀರನ್ನು ತಡೆಯುತ್ತದೆ. ಮಳೆಗಾಲದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ ಅಭ್ಯಾಸ ನಮ್ಮದು. ರೇಡಿಯೇಟರ್ ಕಂಡರೆ ಮಗುವಿನ ಬಟ್ಟೆ ಹರವಲು ಮನಸ್ಸಾಗುವುದು ಸಹಜ. ಆದರೆ ಆ ಬಟ್ಟೆಯ ತೇವವೆಲ್ಲ ಕೋಣೆಯಲ್ಲೇ ಉಳಿದು ತಣ್ಣನೆಯ ಗೋಡೆಯ ಮೇಲೆ ಕೂರುತ್ತದೆ. ಅದರ ಪರಿಣಾಮವನ್ನು ಮುಂದೆ ನೋಡೋಣ.

4. ಹತ್ತಿರದವು ಬಿಸಿ, ದೂರದವು ತಣ್ಣಗೆ

ಅಡಿಕೆ ತೋಟಕ್ಕೆ ನೀರು ಬಿಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ಸಾಲಿನ ಗಿಡಗಳ ಬುಡದಲ್ಲಿ ನೀರು ನಿಂತಿರುತ್ತದೆ, ಕೊನೆಯ ಸಾಲಿಗೆ ತೇವವೂ ತಲುಪಿರುವುದಿಲ್ಲ. ನೀರಿಗೆ ಸುಲಭದ ದಾರಿಯೇ ಇಷ್ಟ. ಬಾಯ್ಲರಿನ ಹತ್ತಿರದ ರೇಡಿಯೇಟರಿನಲ್ಲಿ ಹೊಕ್ಕು ಬೇಗನೆ ಮರಳಿ ಬಂದುಬಿಡುತ್ತದೆ. ದೂರದ ಕೋಣೆಯ ಪಾಲನ್ನು ಹತ್ತಿರದ್ದೇ ತಿಂದುಬಿಡುತ್ತದೆ. ಇಲ್ಲಿ ಯಾವುದೂ ಕೆಟ್ಟಿಲ್ಲ, ಹಂಚಿಕೆ ತಪ್ಪಿದೆ ಅಷ್ಟೇ.

ಇದು ಹಂಚಿಕೆಯ ದೋಷವೋ ಅಥವಾ ಕೊಳವೆಯೇ ಕಟ್ಟಿದೆಯೋ ಎಂದು ತಿಳಿಯಲು ಒಂದು ಉಪಾಯವಿದೆ. ಉಳಿದ ರೇಡಿಯೇಟರುಗಳನ್ನು ತಿರುಗಣೆಯಿಂದ ಮುಚ್ಚಿ, ತಣ್ಣಗಿರುವ ಒಂದನ್ನೇ ತೆರೆದು ಸ್ವಲ್ಪ ಹೊತ್ತು ಹೀಟಿಂಗ್ ಓಡಿಸಿ. ಈಗ ಪಂಪಿನ ಬಲವೆಲ್ಲ ಅದರ ಕಡೆಗೇ. ಅದು ಕಾದರೆ ದಾರಿ ತೆರೆದಿದೆ, ಹಂಚಿಕೆ ಸರಿಪಡಿಸಬೇಕು. ಆಗಲೂ ಕಾಯದಿದ್ದರೆ ವಾಲ್ವ್ ಅಥವಾ ಕೊಳವೆ ಕಟ್ಟಿದೆ. ಕೆಲವೊಮ್ಮೆ ಸಿಕ್ಕಿಕೊಂಡ ಗಾಳಿ ಈ ಬಲಕ್ಕೇ ಕದಲಿ ಸಮಸ್ಯೆ ತಾನಾಗಿ ಬಗೆಹರಿಯುವುದೂ ಉಂಟು.

ಹಂಚಿಕೆ ಸರಿಪಡಿಸಲು ತಾಳ್ಮೆ ಬೇಕು, ಒಂದು ರಜಾದಿನ ಬೇಕು. ವ್ಯವಸ್ಥೆ ಪೂರ್ತಿ ತಣಿದ ಮೇಲೆ ಎಲ್ಲ ವಾಲ್ವುಗಳನ್ನೂ ತೆರೆಯಿರಿ. ಲಾಕ್‌ಶೀಲ್ಡ್ ಮೊದಲು ಎಷ್ಟು ಸುತ್ತು ತೆರೆದಿತ್ತು ಎಂದು ಪ್ರತಿಯೊಂದಕ್ಕೂ ಬರೆದಿಟ್ಟುಕೊಳ್ಳಿ, ತಪ್ಪಿದರೆ ಹಿಂದಿನ ಸ್ಥಿತಿಗೆ ತರಬಹುದು. ಈಗ ಹೀಟಿಂಗ್ ಹಾಕಿ ಯಾವುದು ಮೊದಲು ಕಾಯುತ್ತದೆ, ಯಾವುದು ಕೊನೆಗೆ ಎಂದು ಕ್ರಮ ಬರೆಯಿರಿ. ಮೊದಲು ಕಾದದ್ದರ ಲಾಕ್‌ಶೀಲ್ಡನ್ನು ಸ್ಪಾನರಿನಿಂದ ಪೂರ್ತಿ ಮುಚ್ಚಿ ಕಾಲು ಸುತ್ತು ಮಾತ್ರ ತೆರೆಯಿರಿ. ಎರಡನೆಯದಕ್ಕೆ ಸ್ವಲ್ಪ ಹೆಚ್ಚು. ಹೀಗೆ ದೂರ ಹೋದಂತೆ ಹೆಚ್ಚು ಹೆಚ್ಚು ತೆರೆದು, ಕೊನೆಯದನ್ನು ಪೂರ್ತಿ ತೆರೆದೇ ಬಿಡಿ. ಪ್ರತಿ ಬದಲಾವಣೆಯ ನಂತರ ಇಪ್ಪತ್ತು ನಿಮಿಷ ಕಾದು ನೋಡಿ. ಎಲ್ಲ ರೇಡಿಯೇಟರುಗಳೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಕಾಯತೊಡಗಿದರೆ ನಿಮ್ಮ ಕೆಲಸ ಮುಗಿಯಿತು. ಒಂದು ಪೆನ್ಸು ಖರ್ಚಿಲ್ಲದೆ ಮಗುವಿನ ಕೋಣೆ ಬೆಚ್ಚಗಾಗುವುದು ಹೆಚ್ಚಾಗಿ ಈ ದಾರಿಯಲ್ಲೇ.

5. ಒಂದು ಅಂತಸ್ತು ಇಡೀ ತಣ್ಣಗೆ

ಮಹಡಿಯಲ್ಲಿ ಬಿಸಿ, ಕೆಳಗೆ ತಣ್ಣಗೆ ಎಂದಾದರೆ ಪಂಪಿನ ಮೇಲೆ ಸಂಶಯಪಡಿ. ಬಿಸಿನೀರು ಹಗುರವಾಗಿ ತಾನಾಗಿ ಮೇಲೇರುತ್ತದೆ. ಅದನ್ನು ಅಡ್ಡಕ್ಕೆ, ಕೆಳಕ್ಕೆ ತಳ್ಳಲು ಪಂಪು ಬೇಕು. ಪಂಪು ಸೋತಾಗ ನೀರು ತನ್ನಷ್ಟಕ್ಕೆ ಏರುವಲ್ಲಿಗೆ ಮಾತ್ರ ಏರುತ್ತದೆ. ಬಾಯ್ಲರ್ ಬೇಗ ಬೇಗ ಹೊತ್ತಿ ಆರುತ್ತಿದ್ದರೆ, ಅದರಿಂದ ಹೊರಡುವ ಕೊಳವೆ ಸುಡುತ್ತಿದ್ದು ಮರಳುವ ಕೊಳವೆ ತಣ್ಣಗಿದ್ದರೆ ನೀರು ಸುತ್ತುತ್ತಿಲ್ಲ ಎಂಬುದಕ್ಕೆ ಅದೂ ಒಂದು ಸಾಕ್ಷಿ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಪಂಪು ಬಿಗಿದುಕೊಳ್ಳುವುದುಂಟು.

ಕೆಳಗೆ ಬಿಸಿ, ಮಹಡಿಯಲ್ಲಿ ಮಾತ್ರ ತಣ್ಣಗೆ ಎಂದಾದರೆ ನೀರೇ ಸಾಲದು. ಮಾಪಕದ ಒತ್ತಡ ಇಳಿದಿರಬಹುದು. ಹಳೆಯ ಮನೆಯಾದರೆ ಅಟ್ಟದಲ್ಲಿರುವ ಸಣ್ಣ ಟ್ಯಾಂಕಿನ ತೇಲುಗುಂಡು ಅಂಟಿಕೊಂಡು ಟ್ಯಾಂಕ್ ಒಣಗಿರಬಹುದು. ಮಹಡಿಯ ರೇಡಿಯೇಟರಿನ ಗಾಳಿ ತಿರುಪು ತೆರೆದಾಗ ಗಾಳಿಯೂ ಇಲ್ಲ, ನೀರೂ ಇಲ್ಲ ಎಂದಾದರೆ ಆ ಟ್ಯಾಂಕನ್ನು ನೋಡಿಸಿ.

ಇನ್ನು, ನಲ್ಲಿಯಲ್ಲಿ ಬಿಸಿನೀರು ಚೆನ್ನಾಗಿ ಬಂದು ಒಂದೂ ರೇಡಿಯೇಟರ್ ಕಾಯದಿದ್ದರೆ, ಬಿಸಿನೀರನ್ನು ಅತ್ತಲೋ ಇತ್ತಲೋ ತಿರುಗಿಸುವ ವಾಲ್ವ್ ಒಂದೇ ಕಡೆಗೆ ನಿಂತಿರುವ ಸಾಧ್ಯತೆ ಹೆಚ್ಚು. ಈ ವಾಲ್ವ್ ಮತ್ತು ಬಾಯ್ಲರಿನ ಒಳಗಿರುವ ಪಂಪು ಎರಡೂ ಕೆಲಸ ಬಲ್ಲವರಿಗೆ ಬಿಡಬೇಕಾದವು.

ಥರ್ಮೋಸ್ಟಾಟ್ ವೇಗದ ಪೆಡಲ್ ಅಲ್ಲ

ಐದರಲ್ಲಿ ಯಾವುದೂ ಹೊಂದದಿದ್ದರೆ ಥರ್ಮೋಸ್ಟಾಟ್ ಎಲ್ಲಿದೆ ನೋಡಿ. ಅದು ಹಜಾರದಲ್ಲಿದ್ದು, ಹಜಾರ ಬೇಗ ಬೆಚ್ಚಗಾದರೆ, ಅದು ಬಾಯ್ಲರನ್ನೇ ಆರಿಸಿಬಿಡುತ್ತದೆ. ಮಲಗುವ ಕೋಣೆ ಇನ್ನೂ ಅರ್ಧ ಕಾದಿರುವುದಿಲ್ಲ. ಇದಕ್ಕೂ ಮದ್ದು ಹಂಚಿಕೆ ಸರಿಪಡಿಸುವುದೇ. ಥರ್ಮೋಸ್ಟಾಟನ್ನು 30ಕ್ಕೆ ಇಟ್ಟರೆ ಮನೆ ಬೇಗ ಕಾಯುವುದಿಲ್ಲ, ಬೇಡವಾದಷ್ಟು ಹೊತ್ತು ಕಾಯುತ್ತದೆ ಅಷ್ಟೇ. ಬೆಳಗಿನ ನಮಾಝಿಗೆ ಏಳುವವರು ಗುಂಡಿ ಏರಿಸುವ ಬದಲು ಟೈಮರನ್ನು ಅರ್ಧ ಗಂಟೆ ಮೊದಲಿಗೆ ಹೊಂದಿಸಿಕೊಳ್ಳುವುದು ಮೇಲು.

ಹೊಸ ಮನೆಗಳಲ್ಲಿ ಗ್ಯಾಸ್ ಬದಲು ಹೀಟ್ ಪಂಪ್ ಬರುತ್ತಿದೆ. ಅದು ನೀರನ್ನು ಹೆಚ್ಚು ಕಾಯಿಸುವುದಿಲ್ಲ, ಬಹಳ ಹೊತ್ತು ಸುತ್ತಿಸುತ್ತದೆ. ಅಲ್ಲಿ ರೇಡಿಯೇಟರ್ ಉಗುರು ಬೆಚ್ಚಗಿದ್ದು ಕೋಣೆ ಬೆಚ್ಚಗಿದ್ದರೆ ಅದು ದೋಷವಲ್ಲ.

ಎಲ್ಲಿಗೆ ನಿಲ್ಲಬೇಕು?

ರೇಡಿಯೇಟರಿನ ಗಾಳಿ, ವಾಲ್ವ್, ಹಂಚಿಕೆ, ಒತ್ತಡದ ಮಾಪಕ ಇಷ್ಟು ನಿಮ್ಮ ಕೈಯಲ್ಲಿದೆ. ಬಾಯ್ಲರಿನ ಹೊರಕವಚ ತೆರೆಯುವುದು ನಿಮ್ಮ ಕೆಲಸವಲ್ಲ. ಬ್ರಿಟನ್ನಿನಲ್ಲಿ ಗ್ಯಾಸ್ ಕೆಲಸ ಮಾಡಿಕೊಡುವವರು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ನೋಂದಾಯಿತರಾಗಿರಬೇಕು ಎಂಬುದು ಕಾನೂನು. 2009ರ ಏಪ್ರಿಲ್ 1ರಿಂದ ಈ ಪಟ್ಟಿ ಜಾರಿಯಲ್ಲಿದೆ. ಬಂದವರ ಗುರುತಿನ ಚೀಟಿ ಕೇಳಿ ನೋಡುವುದು ಅವಮಾನವಲ್ಲ. ಪರಿಚಯದವರು ಅಗ್ಗಕ್ಕೆ ಮಾಡಿಕೊಡುತ್ತಾರೆಂದು ಗ್ಯಾಸ್ ಕೆಲಸವನ್ನು ಅವರ ಕೈಗೆ ಕೊಡಬೇಡಿ.

ಏಕೆಂದರೆ ಇಲ್ಲಿ ತಪ್ಪಿದರೆ ಹೋಗುವುದು ಜೀವ. ಅನಿಲ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆಯಲ್ಲಿದ್ದಾಗ ಎಲ್ಲರಿಗೂ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಅದನ್ನು ಚಳಿಯ ಜ್ವರವೆಂದು ತಳ್ಳಿಹಾಕಬೇಡಿ. ಕಿಟಕಿ ಬಾಗಿಲು ತೆರೆದು, ಉಪಕರಣ ಆರಿಸಿ, ಎಲ್ಲರೂ ಹೊರಬನ್ನಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಗ್ಯಾಸ್ ತುರ್ತು ಸಂಖ್ಯೆ 0800 111 999. ಇದನ್ನು ಫ್ರಿಜ್ಜಿನ ಮೇಲೆ ಬರೆದು ಅಂಟಿಸಿ. ರೇಡಿಯೇಟರ್ ಕೆಟ್ಟಿತೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟುಕೊಳ್ಳುವುದು, ಗ್ಯಾಸ್ ಓವನ್ನಿನ ಬಾಗಿಲು ತೆರೆದಿಟ್ಟು ಚಳಿ ಕಾಯಿಸುವುದು ಇವೆರಡೂ ಅದೇ ವಿಷವನ್ನು ಮನೆಯೊಳಗೆ ಕರೆತರುತ್ತವೆ.

ಬಾಡಿಗೆ ಮನೆಯವರು ತಿಳಿಯಬೇಕಾದ ಮಾತೂ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹೀಟಿಂಗ್ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿಡುವುದು ಮನೆಯೊಡೆಯರ ಹೊಣೆ. ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, 28 ದಿನಗಳೊಳಗೆ ಅದರ ಪ್ರತಿಯನ್ನು ಬಾಡಿಗೆದಾರರಿಗೆ ಕೊಡಬೇಕು. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ ಗ್ಯಾಸ್ ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಹಾಕಿಸುವುದೂ ಅವರ ಕರ್ತವ್ಯ. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಯಾವ ಕೋಣೆ, ಯಾವ ರೇಡಿಯೇಟರ್, ಎಂದಿನಿಂದ ಎಂದು ದಿನಾಂಕ ಸಮೇತ ಬರೆದು ಇಮೇಲ್ ಮಾಡಿ, ಫೋಟೋ ಸೇರಿಸಿ. ಮೊದಲು ಮಾಡಿದ ಕೈಪರೀಕ್ಷೆಯ ಪಟ್ಟಿ ಇಲ್ಲಿ ನಿಮ್ಮ ಅತ್ಯುತ್ತಮ ದಾಖಲೆ.

ಚಳಿ ಸಹಿಸುವುದು ಸದ್ಗುಣವಲ್ಲ

ನಮ್ಮವರಲ್ಲಿ ಒಂದು ಸ್ವಭಾವವಿದೆ. ಪರದೇಶ, ಬಾಡಿಗೆ ಮನೆ, ಒಡೆಯನ ಮುನಿಸೇಕೆ ಎಂದು ಎರಡು ಸ್ವೆಟರ್ ಹಾಕಿಕೊಂಡು ಸಹಿಸಿಬಿಡುತ್ತೇವೆ. ದೊಡ್ಡವರು ಸಹಿಸಬಹುದು. ಆದರೆ ತಣ್ಣಗಿನ ಕೋಣೆಯ ಗೋಡೆಯ ಮೇಲೆ ಉಸಿರಿನ, ಅಡುಗೆಯ, ಒಣಗಿಸಿದ ಬಟ್ಟೆಯ ತೇವ ಹನಿಗಟ್ಟುತ್ತದೆ. ಗಾಳಿಯಾಡದಿದ್ದರೆ ಅಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಆ ಗಾಳಿಯನ್ನು ಉಸಿರಾಡುವುದು ತೊಟ್ಟಿಲಲ್ಲಿರುವ ಮಗು.

ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ ಸುಡಾನಿನಿಂದ ಬಂದ ಕುಟುಂಬವೊಂದಿತ್ತು. ಅವರ ಫ್ಲ್ಯಾಟಿನಲ್ಲಿ ಬೂಷ್ಟು ಹರಡಿತ್ತು, ತೇವದ ಗಾಳಿ ಹೊರಹೋಗಲು ಸರಿಯಾದ ವ್ಯವಸ್ಥೆ ಇರಲಿಲ್ಲ. ತಂದೆ ದೂರು ಕೊಟ್ಟಾಗ ಮೇಲೆ ಬಣ್ಣ ಬಳಿಯುವ ಸಲಹೆ ಸಿಕ್ಕಿತು. 2020ರ ಡಿಸೆಂಬರಿನಲ್ಲಿ ಅವರ ಎರಡು ವರ್ಷದ ಮಗು ಅವಾಬ್ ಇಶಾಕ್ ತೀರಿಕೊಂಡಿತು. ಮನೆಯ ಬೂಷ್ಟಿನಿಂದಾದ ಉಸಿರಾಟದ ಕಾಯಿಲೆಯೇ ಸಾವಿಗೆ ಕಾರಣವೆಂದು 2022ರ ನವೆಂಬರಿನಲ್ಲಿ ತನಿಖೆ ನಡೆಸಿದ ಕರೋನರ್ ತೀರ್ಪು ಕೊಟ್ಟರು. ಕುಟುಂಬದ ಜೀವನಶೈಲಿಯೇ ಕಾರಣವೆಂದು ಊಹಿಸಿದ್ದು ತಪ್ಪಾಯಿತೆಂದು ವಸತಿ ಸಂಸ್ಥೆ ಆಮೇಲೆ ಒಪ್ಪಿಕೊಂಡಿತು. ಆ ಮಗುವಿನ ಹೆಸರಲ್ಲೇ ಕಾನೂನು ಬಂದಿದೆ. 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಸಾಮಾಜಿಕ ವಸತಿ ಸಂಸ್ಥೆಗಳು ತುರ್ತು ಅಪಾಯವನ್ನು 24 ಗಂಟೆಗಳೊಳಗೆ ನಿವಾರಿಸಬೇಕು, ಗಂಭೀರವಾದ ತೇವ ಮತ್ತು ಬೂಷ್ಟಿನ ದೂರನ್ನು 10 ಕೆಲಸದ ದಿನಗಳೊಳಗೆ ತನಿಖೆ ಮಾಡಬೇಕು.

ಶೀತ ಪ್ರದೇಶಗಳಲ್ಲಿ ಮನೆಯೊಳಗೆ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಆರೋಗ್ಯಕ್ಕೆ ಸುರಕ್ಷಿತ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಹಸುಳೆಗಳು, ವೃದ್ಧರು, ದೀರ್ಘಕಾಲದ ಕಾಯಿಲೆಯವರು ಇರುವಲ್ಲಿ ಇನ್ನೂ ಸ್ವಲ್ಪ ಹೆಚ್ಚು ಬೇಕಾಗಬಹುದು. ಸಣ್ಣ ಥರ್ಮಾಮೀಟರೊಂದನ್ನು ಹಜಾರದಲ್ಲಲ್ಲ, ಮನೆಯ ಅತ್ಯಂತ ತಣ್ಣಗಿನ ಕೋಣೆಯಲ್ಲಿ ಇಡಿ. ದೂರು ಕೊಡುವಾಗ ಅದರ ಅಂಕೆ ನಿಮ್ಮ ಪರವಾಗಿ ಮಾತಾಡುತ್ತದೆ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ. ಡಿಸೆಂಬರಿನಲ್ಲಿ ಹೀಟಿಂಗ್ ಕೆಟ್ಟರೆ ಕೆಲಸದವರು ಸಿಗುವುದೇ ಕಷ್ಟ. ಸೆಪ್ಟೆಂಬರಿನಲ್ಲೇ ಒಂದು ಸಂಜೆ ಹೀಟಿಂಗ್ ಹಾಕಿ ಕೈಪರೀಕ್ಷೆ ಮುಗಿಸಿ. ಬೇಸಿಗೆಯಲ್ಲಿ ತಿರುಗಣೆಗಳನ್ನು 5ರಲ್ಲೇ ಬಿಟ್ಟು, ತಿಂಗಳಿಗೊಮ್ಮೆ ಹತ್ತು ನಿಮಿಷ ಹೀಟಿಂಗ್ ಓಡಿಸಿದರೆ ಪಂಪಾಗಲಿ ಸೂಜಿಯಾಗಲಿ ಬಿಗಿದುಕೊಳ್ಳುವುದಿಲ್ಲ. ನಿಮ್ಮ ಮಕ್ಕಳು ಅಲ್ಲಿದ್ದರೆ ಮುಂದಿನ ಸಲ ಫೋನಿನಲ್ಲಿ ಊಟವಾಯಿತೇ ಎಂದು ಕೇಳುವಾಗ, ಮಗು ಮಲಗುವ ಕೋಣೆಯ ರೇಡಿಯೇಟರ್ ಮೇಲೆ ಬಿಸಿಯೋ, ಕೆಳಗೆ ಬಿಸಿಯೋ ಎಂದೂ ಕೇಳಿ. ಉತ್ತರ ಬಂದರೆ ಮುಂದೇನು ಮಾಡಬೇಕೆಂದು ಈಗ ನಿಮಗೆ ಗೊತ್ತು.